ನಾಣ್ಯ ಸಂಗ್ರಹದಲ್ಲಿ ನಕಲಿ ನಾಣ್ಯಗಳು

ನಾಣ್ಯ ಸಂಗ್ರಹದಲ್ಲಿ ನಕಲಿ ನಾಣ್ಯ ಎಂದರೆ ಸಂಗ್ರಾಹಕರನ್ನು ವಂಚಿಸುವ ಉದ್ದೇಶದಿಂದ ಹಳೆಯ ಅಥವಾ ಅಪರೂಪದ ನಾಣ್ಯದಂತೆ ತೋರುವ ಹಾಗೆ ತಯಾರಿಸಿದ ಇಲ್ಲವೇ ತಿದ್ದಿದ ವಸ್ತು. ಚಲಾವಣೆಯ ಹಣದ ಖೋಟಾ ತಯಾರಿಕೆಗಿಂತ ಇದು ಭಿನ್ನವಾದುದು. ಖೋಟಾ ಹಣದಿಂದ ಆಗುವ ನಷ್ಟ ಅದರ ಮುಖಬೆಲೆಗೆ ಸೀಮಿತ. ಸಂಗ್ರಹದ ನಕಲಿಯಲ್ಲಿ ಕೆಲವೇ ರೂಪಾಯಿ ಬೆಲೆಯ ಲೋಹ ಸಾವಿರಗಟ್ಟಲೆ ರೂಪಾಯಿಗಳಿಗೆ ಮಾರಾಟವಾಗುತ್ತದೆ. ನಾಣ್ಯಗಳು ಶಾಸನಗಳಂತೆಯೇ ಇತಿಹಾಸದ ಆಕರಗಳಾಗಿರುವುದರಿಂದ, ಗುರುತಿಸದೆ ಉಳಿದ ನಕಲಿಯು ಇತಿಹಾಸದ ಅಧ್ಯಯನಕ್ಕೂ ಹಾನಿ ಮಾಡುತ್ತದೆ.

ಹಿನ್ನೆಲೆ

ಕರ್ನಾಟಕದಲ್ಲಿ ಗದ್ಯಾಣ, ವರಾಹ, ಹಣ, ಹಾಗ, ವೀಸ ಮೊದಲಾದ ಹೆಸರುಗಳ ನಾಣ್ಯಗಳು ಬೇರೆ ಬೇರೆ ಕಾಲಗಳಲ್ಲಿ ಬಳಕೆಯಲ್ಲಿದ್ದವು. ನಾಣ್ಯಗಳನ್ನು ಅಚ್ಚು ಹಾಕುವ ಸ್ಥಳಕ್ಕೆ ಕಮ್ಮಟ ಅಥವಾ ಟಂಕಸಾಲೆ ಎಂದು ಹೆಸರು. ಬಂದ ನಾಣ್ಯದ ತೂಕ ಮತ್ತು ಶುದ್ಧತೆಯನ್ನು ತಕ್ಕಡಿ ಹಾಗೂ ಒರೆಗಲ್ಲಿನಿಂದ ಪರೀಕ್ಷಿಸುವುದು ಚಿನಿವಾರರ ವೃತ್ತಿಯಾಗಿತ್ತು. ಈ ವೃತ್ತಿ ಅಗತ್ಯವಾಗಿತ್ತೆಂಬುದೇ ಆ ಕಾಲದಲ್ಲಿಯೂ ಖೋಟಾ ನಾಣ್ಯಗಳ ಭಯವಿತ್ತೆಂಬುದನ್ನು ಸೂಚಿಸುತ್ತದೆ.

ಯುರೋಪಿನಲ್ಲಿ 16ನೆಯ ಶತಮಾನದ ಜೊವಾನ್ನಿ ಕವಿನೊ ರೋಮನ್ ನಾಣ್ಯಗಳ ಮಾದರಿಯಲ್ಲಿ ಪದಕಗಳನ್ನು ತಯಾರಿಸಿದನು. ಮುಂದೆ ಅವು ಅಸಲಿ ನಾಣ್ಯಗಳೆಂದು ಮಾರಾಟವಾದವು. ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772–1830) ಸ್ವತಃ ಅಚ್ಚುಗಳನ್ನು ಕೆತ್ತಿ ಗ್ರೀಕ್ ಮತ್ತು ರೋಮನ್ ನಾಣ್ಯಗಳ ನಕಲಿಗಳನ್ನು ಸಿದ್ಧಪಡಿಸಿ ಸಂಗ್ರಾಹಕರಿಗೆ ಮಾರಿದನು.

ವಿಧಗಳು

ಸಮಕಾಲೀನ ಖೋಟಾ: ಮೂಲ ನಾಣ್ಯ ಚಲಾವಣೆಯಲ್ಲಿದ್ದ ಕಾಲದಲ್ಲಿಯೇ ತಯಾರಾದವು. ತಾಮ್ರದ ತಿರುಳಿಗೆ ಬೆಳ್ಳಿಯ ಲೇಪ ಕೊಟ್ಟ ನಾಣ್ಯಗಳು ಇದಕ್ಕೆ ಉದಾಹರಣೆ. ಇವುಗಳಿಗೂ ಐತಿಹಾಸಿಕ ಮಹತ್ವವಿದೆ.

ಆಧುನಿಕ ನಕಲಿ: ಸಂಗ್ರಾಹಕರಿಗೆ ಮಾರುವುದಕ್ಕಾಗಿಯೇ ಎರಕ ಹೊಯ್ದು ಅಥವಾ ಹೊಸ ಅಚ್ಚಿನಿಂದ ಒತ್ತಿ ತಯಾರಿಸಿದವು.

ತಿದ್ದಿದ ನಾಣ್ಯ: ಅಸಲಿ ನಾಣ್ಯದ ಇಸವಿ ಅಥವಾ ಟಂಕಸಾಲೆಯ ಗುರುತನ್ನು ಬದಲಿಸಿ ಅಪರೂಪದ್ದಾಗಿ ಮಾಡಿದವು. ಆರನೆಯ ಜಾರ್ಜ್ ಕಾಲದ 1939ರ ಒಂದು ರೂಪಾಯಿ ನಾಣ್ಯ ಬಹಳ ವಿರಳ. ಆದ್ದರಿಂದ 1938ರ ನಾಣ್ಯದ ಕೊನೆಯ ಅಂಕಿಯನ್ನು ತಿದ್ದಿ 1939 ಎಂದು ತೋರಿಸುವುದುಂಟು.

ಕಲ್ಪಿತ ನಾಣ್ಯ: ಯಾವ ಸರ್ಕಾರವೂ ಎಂದೂ ಹೊರಡಿಸದ ವಸ್ತುಗಳು. ರಾಮ, ಹನುಮಂತ ಮೊದಲಾದ ದೇವತೆಗಳ ಚಿತ್ರ, ಈಸ್ಟ್ ಇಂಡಿಯಾ ಕಂಪನಿಯ ಹೆಸರು ಮತ್ತು 1818ರ ಇಸವಿ ಇರುವ ಬಿಲ್ಲೆಗಳು ಈ ಗುಂಪಿಗೆ ಸೇರುತ್ತವೆ. ಕಂಪನಿಯು ಇಂತಹ ನಾಣ್ಯಗಳನ್ನು ಹೊರಡಿಸಿರಲಿಲ್ಲ. ಇವುಗಳಿಗೆ ದೈವಿಕ ಶಕ್ತಿ ಅಥವಾ ಲಕ್ಷಾಂತರ ರೂಪಾಯಿ ಬೆಲೆ ಇದೆಯೆಂದು ಹೇಳಿ ಮಾರಲಾಗುತ್ತದೆ.

ಹಳೆಯ ಮಾದರಿಯನ್ನು ಅನುಸರಿಸಿದ ನಾಣ್ಯಗಳೆಲ್ಲವೂ ನಕಲಿಗಳಲ್ಲ. ಹೈದರ್ ಅಲಿಯು 1763ರಲ್ಲಿ ಬಿದನೂರನ್ನು ಗೆದ್ದ ಬಳಿಕ ಇಕ್ಕೇರಿ ವರಾಹದ ಶಿವಪಾರ್ವತಿಯರ ಚಿತ್ರವನ್ನೇ ಮುಂಬದಿಯಲ್ಲಿ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವನ್ನು ಹಾಕಿಸಿದನು. ಜನರಿಗೆ ಪರಿಚಿತವಾದ ನಾಣ್ಯದ ಮೇಲಿನ ನಂಬಿಕೆಯನ್ನು ಹೊಸ ಆಡಳಿತವು ಉಳಿಸಿಕೊಂಡ ರೀತಿ ಇದು.

ಕರ್ನಾಟಕದ ನಾಣ್ಯಗಳು ಮತ್ತು ನಕಲಿಯ ಸಮಸ್ಯೆ

ಹೊಯ್ಸಳರ ಮೂಲಸ್ಥಾನವೆಂದು ಗುರುತಿಸಲಾದ ಸೊಸೆವೂರು ಇಂದಿನ ಮೂಡಿಗೆರೆ ತಾಲೂಕಿನ ಅಂಗಡಿ ಗ್ರಾಮ. ವಿಷ್ಣುವರ್ಧನನ ಚಿನ್ನದ ನಾಣ್ಯಗಳ ಮೇಲೆ ‘ಶ್ರೀ ತಳಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’ ಎಂಬ ಕನ್ನಡ ಬರಹಗಳಿವೆ. ಶಾಸನಗಳು ಹೇಳುವ ವಿಜಯಗಳನ್ನು ಈ ನಾಣ್ಯಗಳು ಸಮರ್ಥಿಸುತ್ತವೆ. ಇಂತಹ ಬರಹವಿರುವ ನಕಲಿಯೊಂದು ಅಸಲಿಯೆಂದು ಪ್ರಕಟವಾದರೆ, ಇಲ್ಲದ ಬಿರುದು ಅಥವಾ ನಡೆಯದ ಘಟನೆಯೊಂದು ಇತಿಹಾಸದೊಳಗೆ ಸೇರಿಕೊಳ್ಳುವ ಅಪಾಯವಿದೆ.

ಕಳಸ, ಮೂಡಿಗೆರೆ ಭಾಗದ ಮಲೆನಾಡು ಘಟ್ಟದ ಮೇಲಿನ ರಾಜ್ಯಗಳಿಗೂ ಕರಾವಳಿಗೂ ನಡುವೆ ಇದೆ. ಕರಾವಳಿಯ ಆಳುಪರ ನಾಣ್ಯಗಳಲ್ಲಿ ಜೋಡಿ ಮೀನುಗಳ ಚಿಹ್ನೆಯಿದೆ. ವಿಜಯನಗರ ಮತ್ತು ಕೆಳದಿಯ ವರಾಹಗಳು ಸುಮಾರು 3.4 ಗ್ರಾಂ ತೂಗುತ್ತವೆ. ಮೈಸೂರಿನ ಕಂಠೀರವ ನರಸರಾಜ ಒಡೆಯರ (1638–1659) ಹೆಸರಿನ ಕಂಠೀರವ ಹಣವು ಅರ್ಧ ಗ್ರಾಂಗಿಂತಲೂ ಹಗುರ. ಅದರಲ್ಲಿ ನರಸಿಂಹನ ಚಿತ್ರವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳ ಮೇಲೆ ‘ಮೈಲಿ ಕಾಸು’ ಎಂಬ ಕನ್ನಡ ಬರಹವಿದೆ.

ಟಿಪ್ಪು ಸುಲ್ತಾನನ ಆನೆಯ ಚಿತ್ರವಿರುವ ತಾಮ್ರದ ನಾಣ್ಯಗಳು ಸಂಗ್ರಾಹಕರಲ್ಲಿ ಜನಪ್ರಿಯ. ಮೌಲೂದಿ ಶಕವನ್ನು ಜಾರಿಗೆ ತಂದ ಮೇಲೆ ಅವನ ನಾಣ್ಯಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಲಾಗುತ್ತಿತ್ತು. 1215ನೆಯ ವರ್ಷವನ್ನು ರೂಢಿಯ ಕ್ರಮದಲ್ಲಿ ಓದಿದರೆ 5121 ಎಂದು ಕಾಣುತ್ತದೆ. ಈ ಕ್ರಮವನ್ನು ತಿಳಿಯದವನು ತಯಾರಿಸಿದ ನಕಲಿಯಲ್ಲಿ ಅಂಕಿಗಳೇ ಸುಳಿವು ಕೊಡುತ್ತವೆ. ಆದರೆ ಕೊಳ್ಳುವವನಿಗೂ ಈ ಕ್ರಮ ತಿಳಿದಿರಬೇಕು.

ಕರ್ನಾಟಕದಲ್ಲಿ ಮತ್ತೆ ಮತ್ತೆ ವರದಿಯಾಗುವ ವಂಚನೆಯೊಂದು ‘ನಿಧಿ’ಯ ಹೆಸರಿನಲ್ಲಿ ನಡೆಯುತ್ತದೆ. ಮನೆಯ ಪಾಯ ತೆಗೆಯುವಾಗ ಚಿನ್ನದ ನಾಣ್ಯಗಳು ಸಿಕ್ಕಿವೆ, ಕಡಿಮೆ ಬೆಲೆಗೆ ಕೊಡುತ್ತೇವೆ ಎಂದು ವಂಚಕರು ಕರೆ ಮಾಡುತ್ತಾರೆ. ಮೊದಲು ಒಂದೆರಡು ನಿಜವಾದ ಚಿನ್ನದ ತುಣುಕುಗಳನ್ನು ಕೊಟ್ಟು ಅಕ್ಕಸಾಲಿಗರಲ್ಲಿ ಪರೀಕ್ಷಿಸಿಕೊಳ್ಳಲು ಹೇಳುತ್ತಾರೆ. ನಂಬಿಕೆ ಹುಟ್ಟಿದ ಮೇಲೆ ದೊಡ್ಡ ಮೊತ್ತ ಪಡೆದು ಹಿತ್ತಾಳೆಯ ಬಿಲ್ಲೆಗಳ ಚೀಲವನ್ನು ಕೊಡುತ್ತಾರೆ. ದಾವಣಗೆರೆ, ಚಿತ್ರದುರ್ಗ ಮುಂತಾದ ಜಿಲ್ಲೆಗಳಲ್ಲಿ ಇಂತಹ ಪ್ರಕರಣಗಳು ದಾಖಲಾಗಿವೆ. ವ್ಯವಹಾರ ಗುಟ್ಟಾಗಿ ನಡೆಯುವುದರಿಂದ ಮೋಸಹೋದವರು ದೂರು ನೀಡಲು ಹಿಂಜರಿಯುತ್ತಾರೆ.

ಗುರುತಿಸುವ ವಿಧಾನಗಳು

ತೂಕ ಮತ್ತು ಅಳತೆ: ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಯ ನಿಗದಿತ ತೂಕ 11.66 ಗ್ರಾಂ. ಸವೆದ ನಾಣ್ಯ ಸ್ವಲ್ಪ ಹಗುರವಾಗಿರಬಹುದು. ಗಮನಾರ್ಹವಾಗಿ ಹೆಚ್ಚು ತೂಗುವ ನಾಣ್ಯ ಸಂಶಯಾಸ್ಪದ.

ಸಾಂದ್ರತೆ: ನಾಣ್ಯವನ್ನು ಗಾಳಿಯಲ್ಲಿ ಮತ್ತು ನೀರಿನಲ್ಲಿ ಮುಳುಗಿಸಿ ತೂಗಿ ಸಾಂದ್ರತೆಯನ್ನು ಲೆಕ್ಕಹಾಕಬಹುದು. ಶುದ್ಧ ಚಿನ್ನ ನೀರಿಗಿಂತ 19.3 ಪಟ್ಟು, ಬೆಳ್ಳಿ 10.5 ಪಟ್ಟು, ಹಿತ್ತಾಳೆ ಸುಮಾರು 8.5 ಪಟ್ಟು ಸಾಂದ್ರ. ಆದ್ದರಿಂದ ವರಾಹದಷ್ಟೇ ಗಾತ್ರದ ಹಿತ್ತಾಳೆಯ ಬಿಲ್ಲೆ ಅದರ ಅರ್ಧದಷ್ಟು ಮಾತ್ರ ತೂಗುತ್ತದೆ.

ಮೇಲ್ಮೈ ಮತ್ತು ಅಂಚು: ಎರಕದ ನಕಲಿಯಲ್ಲಿ ಗುಳ್ಳೆಗಳ ಸಣ್ಣ ಕುಳಿಗಳು, ಮೊಂಡಾದ ಅಕ್ಷರಗಳು ಮತ್ತು ಅಂಚಿನಲ್ಲಿ ಎರಡು ಅಚ್ಚುಗಳು ಕೂಡಿದ ಗೆರೆ ಕಾಣಬಹುದು.

ಹೋಲಿಕೆ: ಕೈಯಿಂದ ಅಚ್ಚೊತ್ತಿದ ನಾಣ್ಯಗಳಲ್ಲಿ ಚಿತ್ರ ಬಿದ್ದ ಸ್ಥಾನ, ಅಂಚಿನ ಆಕಾರ ಮತ್ತು ಸವೆತ ಪ್ರತಿಯೊಂದರಲ್ಲೂ ಬೇರೆಯಾಗಿರುತ್ತವೆ. ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಬಗೆಯ ಗೀರು ಇದ್ದರೆ ಎರಡೂ ಒಂದೇ ಎರಕದ ಅಚ್ಚಿನಿಂದ ಬಂದಿರುವ ಸಾಧ್ಯತೆ ಹೆಚ್ಚು.

ಅಯಸ್ಕಾಂತದ ಪರೀಕ್ಷೆಯಿಂದ ಕಬ್ಬಿಣದ ತಿರುಳು ಮಾತ್ರ ಪತ್ತೆಯಾಗುತ್ತದೆ. ಚಿನ್ನ, ಬೆಳ್ಳಿಗಳಂತೆ ಹಿತ್ತಾಳೆ, ತಾಮ್ರ ಮತ್ತು ಸೀಸವೂ ಅದಕ್ಕೆ ಅಂಟುವುದಿಲ್ಲ. ಒರೆಗಲ್ಲಿನ ಪರೀಕ್ಷೆಯೂ ಪೂರ್ಣವಲ್ಲ. ಅಪರೂಪದ ನಾಣ್ಯದ ಬೆಲೆ ಅದರ ಚಿನ್ನದ ಬೆಲೆಗಿಂತ ಬಹಳ ಹೆಚ್ಚಿರುವಾಗ ನಕಲಿಯನ್ನು ನಿಜವಾದ ಚಿನ್ನದಲ್ಲಿಯೇ ಮಾಡಿದರೂ ವಂಚಕನಿಗೆ ಲಾಭವಿರುತ್ತದೆ.

ವ್ಯಾಪಾರಿಗಳು ಮತ್ತು ನಂಬಿಕೆ

ಹೊಸ ಸಂಗ್ರಾಹಕರಿಗೆ ಹಳೆಯ ಲಿಪಿಗಳ ಪರಿಚಯ ಇರುವುದಿಲ್ಲ. ಆದ್ದರಿಂದ ಅವರು ಹೆಚ್ಚಾಗಿ ವ್ಯಾಪಾರಿಯ ಮಾತನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಪ್ರಾಮಾಣಿಕ ವ್ಯಾಪಾರಿಯೂ ಮೋಸಹೋಗಬಹುದು. ನಾಣ್ಯ ನಕಲಿಯೆಂದು ತಿಳಿದಾಗ ಅದನ್ನು ಹಿಂಪಡೆದು ಹಣ ಮರಳಿಸುವವನೇ ವಿಶ್ವಾಸಾರ್ಹ ವ್ಯಾಪಾರಿ ಎಂದು ಅನುಭವಿ ಸಂಗ್ರಾಹಕರು ಪರಿಗಣಿಸುತ್ತಾರೆ. ಖರೀದಿಯ ವೇಳೆ ರಾಜನ ಹೆಸರು, ಲೋಹ, ತೂಕ ಮತ್ತು ಟಂಕಸಾಲೆಯ ವಿವರವಿರುವ ರಸೀದಿ, ಅಸಲಿತನದ ಲಿಖಿತ ಭರವಸೆ ಹಾಗೂ ನಾಣ್ಯದ ಹಿಂದಿನ ಒಡೆತನದ ಮಾಹಿತಿಯನ್ನು ಕೇಳುವುದು ರೂಢಿ. ಇವನ್ನು ಕೊಡಲು ನಿರಾಕರಿಸುವುದು ಅಥವಾ ತಕ್ಷಣ ಕೊಳ್ಳುವಂತೆ ಒತ್ತಾಯಿಸುವುದು ಎಚ್ಚರಿಕೆಯ ಸೂಚನೆ. ಪ್ರಮಾಣೀಕರಣ ಸಂಸ್ಥೆಗಳು ಮೊಹರು ಮಾಡಿಕೊಡುವ ಪ್ಲಾಸ್ಟಿಕ್ ಪೆಟ್ಟಿಗೆಗಳೂ ನಕಲಾಗುತ್ತಿವೆ. ಆದ್ದರಿಂದ ಅವುಗಳ ಮೇಲಿನ ಸಂಖ್ಯೆಯನ್ನು ಸಂಸ್ಥೆಯ ದಾಖಲೆಯೊಂದಿಗೆ ತಾಳೆ ನೋಡಬೇಕಾಗುತ್ತದೆ.

ವಂಚನೆ ಮಾರುವವರ ವಿಷಯದಲ್ಲಿಯೂ ನಡೆಯುತ್ತದೆ. ಮನೆಯಲ್ಲಿರುವ ಸಾಮಾನ್ಯ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಕೊಡುವುದಾಗಿ ನಂಬಿಸಿ, ಮೊದಲು ತೆರಿಗೆ ಅಥವಾ ಕಮಿಷನ್ ಕಟ್ಟುವಂತೆ ಕೇಳಲಾಗುತ್ತದೆ. ತನ್ನ ಹೆಸರು ಮತ್ತು ಲಾಂಛನವನ್ನು ಬಳಸಿ ಹೀಗೆ ಹಣ ಕೇಳುವವರ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ ಆಗಸ್ಟ್ 2021ರಲ್ಲಿ ಎಚ್ಚರಿಕೆ ನೀಡಿತು. ತಾನು ಇಂತಹ ವ್ಯವಹಾರದಲ್ಲಿ ತೊಡಗಿಲ್ಲ, ಯಾವುದೇ ಸಂಸ್ಥೆಗೂ ಅಧಿಕಾರ ಕೊಟ್ಟಿಲ್ಲ ಎಂದು ಅದು ಸ್ಪಷ್ಟಪಡಿಸಿತು.

ಕಾನೂನು

ಭಾರತೀಯ ದಂಡ ಸಂಹಿತೆಯ 230ನೆಯ ಕಲಮು ‘ನಾಣ್ಯ’ವನ್ನು ಸದ್ಯ ಹಣವಾಗಿ ಬಳಕೆಯಲ್ಲಿರುವ ಲೋಹವೆಂದು ವಿವರಿಸಿತ್ತು, ಕವಡೆಗಳು ನಾಣ್ಯವಲ್ಲ ಎಂಬ ದೃಷ್ಟಾಂತವೂ ಅಲ್ಲಿತ್ತು. 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಖೋಟಾ ನಾಣ್ಯ ತಯಾರಿಕೆಯ ಅಪರಾಧ 178ನೆಯ ಕಲಮಿನಲ್ಲಿದೆ. ಪುರಾತನ ನಾಣ್ಯದ ನಕಲಿಯನ್ನು ಅಸಲಿಯೆಂದು ಮಾರುವುದು 318ನೆಯ ಕಲಮಿನ ವಂಚನೆಯ ವ್ಯಾಪ್ತಿಗೆ ಬರುತ್ತದೆ. ಇಲ್ಲಿ ಮಾರಿದವನಿಗೆ ಮೋಸದ ಉದ್ದೇಶವಿತ್ತೆಂಬುದನ್ನು ತೋರಿಸಬೇಕಾಗುವುದರಿಂದ ರಸೀದಿ ಮತ್ತು ಲಿಖಿತ ಭರವಸೆಗಳಿಗೆ ಮಹತ್ವವಿದೆ.

ಪುರಾವಸ್ತು ಮತ್ತು ಕಲಾನಿಧಿ ಕಾಯಿದೆ, 1972ರ ಪ್ರಕಾರ 100 ವರ್ಷಕ್ಕೂ ಹಳೆಯ ನಾಣ್ಯಗಳು ಪುರಾವಸ್ತುಗಳು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿ ವ್ಯಕ್ತಿಗಳು ಅವನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ನೆಲದಲ್ಲಿ ಸಿಕ್ಕ ನಿಧಿಯ ವಿಷಯವನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಹಾಗಾಗಿ ‘ನಿಧಿ’ಯ ನಾಣ್ಯ ಅಸಲಿಯೇ ಆಗಿದ್ದರೂ ಅದರ ಗುಟ್ಟಿನ ಮಾರಾಟ ಕಾನೂನುಬಾಹಿರ.

ಅಧ್ಯಯನ

ಅಸಲಿ ನಾಣ್ಯಗಳನ್ನು ನೋಡಿದ ಅನುಭವವೇ ನಕಲಿಯನ್ನು ಗುರುತಿಸಲು ಮುಖ್ಯ ಸಾಧನ. ಜೆ. ಆರ್. ಹೆಂಡರ್ಸನ್ 1921ರಲ್ಲಿ ಪ್ರಕಟಿಸಿದ ಹೈದರ್ ಮತ್ತು ಟಿಪ್ಪು ನಾಣ್ಯಗಳ ಕೃತಿ, ಎ. ವಿ. ನರಸಿಂಹಮೂರ್ತಿ ಅವರ ಕರ್ನಾಟಕದ ನಾಣ್ಯಗಳ ಅಧ್ಯಯನ ಹೋಲಿಕೆಗೆ ನೆರವಾಗುತ್ತವೆ. ಕಾರ್ಪೊರೇಷನ್ ಬ್ಯಾಂಕ್ ತನ್ನ ಹುಟ್ಟೂರಾದ ಉಡುಪಿಯಲ್ಲಿ ನಾಣ್ಯ ಸಂಗ್ರಹಾಲಯವನ್ನು ಸ್ಥಾಪಿಸಿತು. ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕಿನ ಹಣದ ವಸ್ತುಸಂಗ್ರಹಾಲಯವಿದೆ. ಭಾರತೀಯ ನಾಣ್ಯಶಾಸ್ತ್ರ ಸಂಘವು 1910ರಲ್ಲಿ ಅಲಹಾಬಾದಿನಲ್ಲಿ ಸ್ಥಾಪನೆಯಾಯಿತು.

ಇವನ್ನೂ ನೋಡಿ

ನಾಣ್ಯಶಾಸ್ತ್ರ
ವರಾಹ (ನಾಣ್ಯ)
ಹೊಯ್ಸಳ
ಕೆಳದಿ ಸಂಸ್ಥಾನ