ಆರು ತಂತಿಗಳೊಳಗಿನ ಇತಿಹಾಸ

ಗಿಟಾರ್ ಎಂದರೆ ಅಪ್ಪಟ ಪಾಶ್ಚಾತ್ಯ ವಾದ್ಯ ಎಂದು ನಮ್ಮಲ್ಲಿ ಕೆಲವರು ನಂಬಿದ್ದೇವೆ. ಅದು ಅರಬರ ಕೊಡುಗೆಯೆಂದು ಅಭಿಮಾನದಿಂದ ಹೇಳುವವರೂ ನಮ್ಮಲ್ಲಿದ್ದಾರೆ. ಎರಡೂ ಅರ್ಧಸತ್ಯಗಳೇ. ಇದಕ್ಕೆ ಆ ವಾದ್ಯದ ತಂತಿಗಳೇ ಸಾಕ್ಷಿ.

ಶ್ರುತಿಗೊಳಿಸಿದ ಗಿಟಾರನ್ನು ಎಡಗೈ ಸೋಕಿಸದೆ ಮೀಟಿದರೆ ಇ, ಎ, ಡಿ, ಜಿ, ಬಿ, ಇ ಸ್ವರಗಳು ಹೊಮ್ಮುತ್ತವೆ. ಇವುಗಳಲ್ಲಿ ಇ, ಜಿ, ಬಿ ಸೇರಿದರೆ ಇ ಮೈನರ್ ಕಾರ್ಡ್. ಏಳನೆಯ ಸ್ವರವಾದ ಡಿ ಮತ್ತು ಹನ್ನೊಂದನೆಯದಾದ ಎ ಕೂಡಿಕೊಂಡಾಗ ಅದು ವಿಸ್ತೃತ ಮೈನರ್ ಕಾರ್ಡ್, ಅಂದರೆ ಮೈನರ್ ಇಲೆವೆನ್ತ್ ಆಗುತ್ತದೆ. ಒಂಬತ್ತನೆಯ ಸ್ವರವನ್ನು ಇಲ್ಲಿ ಬಿಡುವುದುಂಟು. ಐದನೆಯ ಫ್ರೆಟ್‌ನಲ್ಲಿ ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಲಾಗಿ ಒತ್ತಿದರೆ ಇದೇ ಕಾರ್ಡ್ ಎ ಮೈನರ್‌ಗೆ ಏರುತ್ತದೆ. ಇ ಸ್ವರವನ್ನು ಷಡ್ಜವೆಂದು ಭಾವಿಸಿದರೆ ನಮಗೆ ಕೇಳುವುದು ಸ, ಗ, ಮ, ಪ, ನಿ. ಹಿಂದುಸ್ತಾನಿಯ ಧಾನಿ, ಕರ್ನಾಟಕ ಸಂಗೀತದ ಶುದ್ಧ ಧನ್ಯಾಸಿ ರಾಗಗಳ ಸ್ವರಗಳೂ ಇವೇ.

ಈ ಜೋಡಣೆ ಯಾರೊಬ್ಬರ ಸೃಷ್ಟಿಯಲ್ಲ. ಒಂದು ತಂತಿ ಷಡ್ಜವಾದರೆ ಪಕ್ಕದ್ದು ಅದರ ಮಧ್ಯಮವಾಗುವ ಶ್ರುತಿಯನ್ನು 9ನೇ ಶತಮಾನದಲ್ಲಿ ತತ್ವಜ್ಞಾನಿ ಅಲ್ ಕಿಂದಿ ಊದ್ ವಾದ್ಯದ ಕುರಿತು ಬರೆಯುತ್ತಾ ವಿವರಿಸಿದ್ದಾರೆ. 822ರಲ್ಲಿ ಕೊರ್ಡೋವಾಕ್ಕೆ ಬಂದ ಝಿರ್ಯಾಬ್ ಊದ್‌ಗೆ ಐದನೆಯ ತಂತಿ ಸೇರಿಸಿದರೆಂದು ನಂತರದ ಚರಿತ್ರಕಾರರು ಹೇಳುತ್ತಾರೆ. 'ಅಲ್ ಊದ್' ಎಂಬ ಹೆಸರೇ ಯುರೋಪಿನಲ್ಲಿ 'ಲ್ಯೂಟ್' ಆಯಿತು. ಗಿಟಾರಿನ ಒಡಲಾದರೋ ಬೇರೆ. ಊದ್‌ನದು ಅರ್ಧ ಸೀಳಿದ ಪೇರಳೆಯ ಆಕಾರ. ಗಿಟಾರಿಗೆ ಸಣ್ಣ ನಡು, ಚಪ್ಪಟೆ ಬೆನ್ನು. ಆದರೆ 16ನೇ ಶತಮಾನದ ನಾಲ್ಕು ಸಾಲು ತಂತಿಗಳ ಗಿಟಾರಿನ ಸ್ವರಾಂತರಗಳು ಲ್ಯೂಟ್‌ನ ನಡುವಿನ ನಾಲ್ಕು ಸಾಲುಗಳ ಸ್ವರಾಂತರಗಳೇ ಆಗಿದ್ದವು. ಮುಂದೆ ಐದನೆಯ ಸಾಲು ಬಂತು. 18ನೇ ಶತಮಾನದ ಕೊನೆಯ ಭಾಗದಲ್ಲಿ ಆರನೆಯದಾಗಿ ಮಂದ್ರದ ಇ ಸೇರಿತು. ಮೈನರ್ ಕಾರ್ಡ್‌ಗೆ ಬುನಾದಿ ಸಿಕ್ಕಿದ್ದು ಆಗ.

1959ರಲ್ಲಿ ಮೈಲ್ಸ್ ಡೇವಿಸ್ ಅವರ 'ಸೋ ವಾಟ್' ಧ್ವನಿಮುದ್ರಣದಲ್ಲಿ ಬಿಲ್ ಇವಾನ್ಸ್ ಪಿಯಾನೊದಲ್ಲಿ ನುಡಿಸಿದ ಪ್ರಸಿದ್ಧ ಕಾರ್ಡ್‌ನ ಸ್ವರಾಂತರಗಳು ಗಿಟಾರಿನ ಕೆಳಸ್ಥಾಯಿಯ ಐದು ತಂತಿಗಳವೇ. ಆಧುನಿಕ ಜಾಝ್‌ನ ಗುರುತಾದ ಆ ನಾದ ಬರಿತಂತಿಗಳಲ್ಲಿ ಮೊದಲೇ ಇತ್ತು.

13ನೇ ಶತಮಾನದ ದೊರೆ ಹತ್ತನೆಯ ಅಲ್ಫೊನ್ಸೊ ಮಾಡಿಸಿದ 'ಕಾಂತಿಗಾಸ್' ಹಸ್ತಪ್ರತಿಯ ಚಿತ್ರಗಳಲ್ಲಿ ಮುಸ್ಲಿಮ್ ಮತ್ತು ಕ್ರೈಸ್ತ ವಾದಕರು ಜೊತೆಗೆ ಕುಳಿತು ನುಡಿಸುತ್ತಿದ್ದಾರೆ. 1609ರಿಂದ 1614ರ ನಡುವೆ ಸ್ಪೇನ್ ತನ್ನ ಮೊರಿಸ್ಕೊಗಳನ್ನು, ಅಂದರೆ ಬಲವಂತದ ಮತಾಂತರಕ್ಕೆ ಒಳಗಾದ ಮುಸ್ಲಿಮರ ವಂಶಜರನ್ನು, ಗಡಿಪಾರು ಮಾಡಿತು. ಅದೇ ಶತಮಾನದಲ್ಲಿ ಗಿಟಾರ್ 'ಸ್ಪ್ಯಾನಿಷ್' ಎಂಬ ಹೆಸರು ಹೊತ್ತು ಯುರೋಪಿನ ಆಸ್ಥಾನಗಳಲ್ಲಿ ಮೆರೆಯಿತು. ಯಾರು ಕೊಟ್ಟರು, ಯಾರು ಪಡೆದರು ಎಂದು ಜಗಳವಾಡುವ ಮೊದಲು ನಾವು ಆ ಹಸ್ತಪ್ರತಿಯ ಚಿತ್ರಗಳನ್ನು ಒಮ್ಮೆ ನೋಡಬೇಕು.