ಮಲೆನಾಡಿನ ಕೊಳೆರೋಗ

ಕಣ್ಣಿಗೆ ಕಾಣದ ಜೀವಿಗಳ ಮಾತು ಬಂದಾಗ ನಮಗೆ ಮೊದಲು ನೆನಪಾಗುವುವು ಪ್ಲೇಗು, ಕಾಲರಾ, ಕ್ಷಯ ಮೊದಲಾದ ಮನುಷ್ಯರ ವ್ಯಾಧಿಗಳು. ಆದರೆ ಇಂತಹ ಅಣುಜೀವಿಗಳಿಂದ ರೋಗವುಂಟಾಗುವುದೆಂಬ ಸಂಗತಿಯು ಮೊದಲು ಸಿದ್ಧವಾದುದು ಹುಳುವಿನಲ್ಲಿ ಮತ್ತು ಗಿಡದಲ್ಲಿ. ೧೮೩೫ರಲ್ಲಿ ಇಟಲಿಯ ಅಗಸ್ಟಿನೊ ಬಾಸ್ಸಿಯವರು ರೇಷ್ಮೆಹುಳುಗಳ ಒಂದು ರೋಗಕ್ಕೆ, ಎಂದರೆ ನಮ್ಮ ರೇಷ್ಮೆಸೀಮೆಯವರು ಸುಣ್ಣಕಟ್ಟು ಎಂದು ಕರೆಯುವ ರೋಗಕ್ಕೆ, ಬೂಷ್ಟೊಂದೇ ಕಾರಣವೆಂದು ತೋರಿಸಿಕೊಟ್ಟರು. ರಾಬರ್ಟ್ ಕಾಖ್ ಅವರು ದನಕುರಿಗಳನ್ನು ಕೊಲ್ಲುವ ಆಂಥ್ರಾಕ್ಸಿನ ಜೀವಾಣುವನ್ನು ನಿರ್ಧರಿಸಿದುದು ೧೮೭೬ರಲ್ಲಿ. ಮನುಷ್ಯರ ಕ್ಷಯದ ಜೀವಾಣುವನ್ನು ಕಂಡುದು ೧೮೮೨ರಲ್ಲಿ. ಹೀಗೆ ವೈದ್ಯರಿಗಿಂತ ಮುಂಚೆ ಈ ಶಾಸ್ತ್ರದ ಅಕ್ಷರಾಭ್ಯಾಸವಾದುದು ರೈತನ ಹೊಲದಲ್ಲಿಯೇ ಎನ್ನಬಹುದು. ಆ ಚರಿತ್ರೆಯ ಒಂದು ಅಧ್ಯಾಯವು ನಮ್ಮ ಅಡಕೆಯ ತೋಟಗಳಲ್ಲಿ ನಡೆದುದು.

ಮಲೆನಾಡಿನ ವಾಚಕರಿಗೆ ಕೊಳೆರೋಗವನ್ನು ವರ್ಣಿಸಬೇಕಾದ ಅಗತ್ಯವಿಲ್ಲ. ದಕ್ಷಿಣ ಕನ್ನಡದವರು ಇದನ್ನೇ ಮಹಾಳಿ ಎನ್ನುವರು. ಮುಂಗಾರು ಬಲಿತು ಬಿಡದೆ ಸುರಿಯತೊಡಗಿದ ಮೇಲೆ ಎಳೆಗಾಯಿಯ ತೊಟ್ಟಿನ ಬಳಿಯಲ್ಲಿ ನೀರು ತುಂಬಿದಂತಹ ಕಡುಹಸುರು ಮಚ್ಚೆ ಕಾಣುವುದು. ಕಾಯಿ ಹೊಳಪುಗೆಟ್ಟು ಉದುರುವುದು. ಬಿದ್ದ ಕಾಯಿಯ ಮೇಲೆ ಅರಳೆಯಂತೆ ಬಿಳಿಯ ಬೂಷ್ಟು ಹಬ್ಬುವುದು. ಮಳೆ ಹೊಳವಾಗದಿದ್ದರೆ ಗೊನೆಗೆ ಗೊನೆಯೇ ಬರಿದಾಗುವುದು. ಕೆಲವು ವೇಳೆ ರೋಗವು ಸುಳಿಗೆ ಇಳಿದು ಮರವೇ ಸಾಯುವುದುಂಟು. ವರ್ಷಕ್ಕೆ ಒಂದೇ ಕೊಯ್ಲನ್ನು ನಂಬಿ ಕಂದಾಯ, ಸಾಲ, ಮಕ್ಕಳ ಮದುವೆ ಎಲ್ಲವನ್ನೂ ಅದರ ಮೇಲೆಯೇ ಹೊರಿಸಿಟ್ಟ ಸಂಸಾರಕ್ಕೆ ಇದು ಎಂತಹ ಆಘಾತವೆಂಬುದನ್ನು ಬಲ್ಲವರೇ ಬಲ್ಲರು.

ನಮ್ಮ ಹಿರಿಯರು ಇದಕ್ಕೆ ಮಳೆಯೇ ಕಾರಣವೆಂದು ತಿಳಿದಿದ್ದರು. ತಿಳಿದು ಸುಮ್ಮನೆ ಕುಳಿತವರೂ ಅಲ್ಲ. ಮಳೆಗಾಲಕ್ಕೆ ಮುಂಚೆ ಕರಡದ ಹುಲ್ಲಿನಿಂದ ಕೊಟ್ಟೆಗಳನ್ನು ಹೆಣೆದು ಒಂದೊಂದು ಗೊನೆಗೂ ಕೊಡೆ ಹಿಡಿದಂತೆ ಕಟ್ಟಿಸುತ್ತಿದ್ದರು. ಕಾಯಿ ನೆನೆಯದಿದ್ದರೆ ಕೊಳೆಯದು ಎಂಬುದು ಅವರ ಯುಕ್ತಿ. ಅದು ಫಲಿಸುತ್ತಿದ್ದುದೂ ನಿಜ. ಆದರೆ ಸಾವಿರ ಮರದ ತೋಟದಲ್ಲಿ, ಮರಕ್ಕೆ ಎರಡು ಮೂರು ಗೊನೆಯಂತೆ, ಎಷ್ಟು ಕೊಟ್ಟೆ ಬೇಕು, ಎಷ್ಟು ಜನ ಕೊನೆಗಾರರು ಎಷ್ಟು ಸಲ ಮರವೇರಬೇಕು ಎಂಬುದನ್ನು ಲೆಕ್ಕ ಹಾಕಿದರೆ, ಈ ಉಪಾಯವು ಬಡವನ ಕೈಗೆ ಸುಲಭವಾಗಿ ನಿಲುಕುತ್ತಿರಲಿಲ್ಲವೆಂದು ಗೊತ್ತಾಗುವುದು.

ಮಳೆಯೇ ಕಾರಣವೆಂಬ ಈ ತಿಳಿವಳಿಕೆ ನಮ್ಮವರದೊಂದೇ ಅಲ್ಲ. ೧೮೪೫ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಬೆಳೆಗೆ ಅಂಗಮಾರಿ ತಗಲಿ, ಬೆಳೆ ಹೊಲದಲ್ಲಿಯೇ ಕೊಳೆತು ನಾರಿತು. ಅದನ್ನು ಹಿಂಬಾಲಿಸಿದ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರು ಸತ್ತರು. ಅಷ್ಟೇ ಜನರು ದೇಶ ಬಿಟ್ಟರು. ಆಗ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞರಲ್ಲಿ ದೊಡ್ಡ ವಾದ ನಡೆಯಿತು. ಅತಿಯಾದ ತೇವದಿಂದ ಗಿಡವು ಕೊಳೆಯಿತು, ಬೂಷ್ಟು ಬಂದುದು ಕೊಳೆತ ಮೇಲೆ ಎಂದು ಪ್ರೊಫೆಸರ್ ಲಿಂಡ್ಲಿಯವರು ಸಾಧಿಸಿದರು. ಬೂಷ್ಟೇ ಕಾರಣ, ಕೊಳೆತವು ಕಾರ್ಯ ಎಂದು ಬರ್ಕ್ಲಿ ಎಂಬ ಹಳ್ಳಿಯ ಪಾದ್ರಿಯೊಬ್ಬರು ೧೮೪೬ರಲ್ಲಿ ಬರೆದರು. ಪಾದ್ರಿಯ ಮಾತಿಗೆ ಅಂದು ಮನ್ನಣೆ ಸಾಲದೆ ಹೋಯಿತು. ಹದಿನೈದು ವರ್ಷಗಳ ತರುವಾಯ ಜರ್ಮನಿಯ ಆಂಟನ್ ಡಿ ಬಾರಿಯವರು ಆ ಜೀವಿಯನ್ನು ಆರೋಗ್ಯವಂತ ಗಿಡಕ್ಕೆ ತಗಲಿಸಿ ರೋಗವನ್ನು ಹುಟ್ಟಿಸಿ ತೋರಿಸಿದ ಮೇಲೆ ವಾದವು ಮುಗಿಯಿತು. ಅವರು ೧೮೭೬ರಲ್ಲಿ ಅದಕ್ಕೆ ಕೊಟ್ಟ ಹೆಸರು ಫೈಟಾಫ್ತೊರ. ಗ್ರೀಕಿನಲ್ಲಿ ಇದಕ್ಕೆ ಸಸ್ಯನಾಶಕ ಎಂದರ್ಥ.

ಅದೇ ೧೮೭೬ರಲ್ಲಿ ಇನ್ನೊಂದು ನಾಮಕರಣವೂ ನಡೆಯಿತು. ನಮ್ಮ ಕಡೆಯ ಕಾಫಿಗಿಡದ ಎಲೆಗಳನ್ನು ಕೊಳೆಯಿಸುವ ಬೂಷ್ಟೊಂದನ್ನು ಪರೀಕ್ಷಿಸಿದ ಕುಕ್ ಎಂಬ ಆಂಗ್ಲ ವಿದ್ವಾಂಸರು ಅದನ್ನು ಪೆಲಿಕ್ಯುಲೇರಿಯ ಕೊಳೆರೋಗ ಎಂದು ಕರೆದರು. ತೋಟದ ಆಳುಗಳ ಬಾಯಿಯ ಕನ್ನಡ ಪದವು ಲ್ಯಾಟಿನ್ ಪದದ ಪಕ್ಕದಲ್ಲಿ ಹೀಗೆ ಕುಳಿತುಕೊಂಡಿತು. ಶಾಸ್ತ್ರಜ್ಞರು ಆಮೇಲೆ ಆ ಹೆಸರನ್ನು ಬದಲಿಸಿದರೂ ಪುಸ್ತಕಗಳಲ್ಲಿ ಕೊಳೆರೋಗವೆಂಬ ಮಾತು ಉಳಿದೇ ಇದೆ. ಕಾಫಿಯ ಕೊಳೆರೋಗದ ಜೀವಿಯೇ ಬೇರೆ, ಅಡಕೆಯ ಕೊಳೆರೋಗದ ಜೀವಿಯೇ ಬೇರೆ ಎಂಬುದನ್ನು ಮಾತ್ರ ಮರೆಯಬಾರದು. ನಮ್ಮ ಜನರು ಕಂಡ ಲಕ್ಷಣಕ್ಕೆ ಹೆಸರಿಟ್ಟರು. ಕಾಣದ ಕರ್ತೃವು ಇನ್ನೂ ಹೊರಗೆ ಬಂದಿರಲಿಲ್ಲ.

ಆ ಕರ್ತೃವನ್ನು ಅಡಕೆಯಲ್ಲಿ ಹಿಡಿದು ವಿಚಾರಿಸಿದವರು ಡಾಕ್ಟರ್ ಲೆಸ್ಲಿ ಕೋಲ್ಮನ್ನರು. ಕೆನಡಾ ದೇಶದಲ್ಲಿ ೧೮೭೮ರಲ್ಲಿ ಹುಟ್ಟಿ, ಜರ್ಮನಿಯ ಗೊಟ್ಟಿಂಗೆನ್ನಿನಲ್ಲಿ ಪಾಂಡಿತ್ಯವನ್ನು ಸಂಪಾದಿಸಿದ ಇವರು ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ೧೯೧೩ರಲ್ಲಿ ಕೃಷಿ ಇಲಾಖೆಯ ಡೈರೆಕ್ಟರಾದರು. ಬಾಳೆಹೊನ್ನೂರಿನ ಬಳಿಯ ಕಾಫಿ ಸಂಶೋಧನ ಕೇಂದ್ರವು ೧೯೨೫ರಲ್ಲಿ ಆರಂಭವಾದುದೂ ಇವರ ಕಾಲದಲ್ಲಿಯೇ. ಆದರೆ ಮಲೆನಾಡು ಇವರನ್ನು ಸ್ಮರಿಸಬೇಕಾದುದು, ನನ್ನ ಎಣಿಕೆಯಲ್ಲಿ, ಮೊದಲಿನ ಎರಡು ವರ್ಷಗಳ ಕೆಲಸಕ್ಕಾಗಿ. ೧೯೧೦ರಲ್ಲಿ ಇಲಾಖೆಯಿಂದ ಪ್ರಕಟವಾದ ಅಡಕೆಯ ಕೊಳೆರೋಗದ ಮೇಲಿನ ಗ್ರಂಥದಲ್ಲಿ ಅವರು ಐರ್ಲೆಂಡನ್ನು ಹಾಳುಮಾಡಿದ ಜೀವಿಯ ದಾಯಾದಿಯೇ ನಮ್ಮ ತೋಟದ ಶತ್ರುವೆಂದು ನಿರ್ಣಯಿಸಿದರು.

ಈ ಜೀವಿಯ ನಡತೆ ವಿಚಿತ್ರವಾದುದು. ಬೂಷ್ಟಿನಂತೆ ಕಂಡರೂ ಇದು ನಿಜವಾದ ಬೂಷ್ಟಲ್ಲ, ಕಡಲಿನ ಕಂದು ಪಾಚಿಗಳ ದೂರದ ಬಂಧುವೆಂದು ಈಗಿನ ಶಾಸ್ತ್ರವು ಹೇಳುವುದು. ಆ ನೀರಿನ ಋಣ ಇದಕ್ಕೆ ಇನ್ನೂ ಹರಿದಿಲ್ಲ. ಬಿಳಿಯ ಎಳೆಗಳ ತುದಿಯಲ್ಲಿ ಹುಟ್ಟುವ ಸಣ್ಣ ಚೀಲಗಳು ತಣ್ಣನೆಯ ನೀರು ಸೋಕಿದೊಡನೆ ಒಡೆದು, ಒಂದೊಂದರಿಂದಲೂ ಎರಡೆರಡು ಬಾಲಗಳುಳ್ಳ ಮರಿಗಳು ಹೊರಬಿದ್ದು ಈಜುವುವು. ಕಾಯಿಯ ಮೇಲಿನ ಮಳೆಹನಿಯೇ ಅವುಗಳ ಸಮುದ್ರ. ಹನಿಯು ಬೇಗ ಆರಿದರೆ ಮರಿಗಳು ಸಾಯುವುವು; ಆರದಿದ್ದರೆ ತೊಟ್ಟಿನ ಬಳಿಯ ಎಳೆಯ ಸಿಪ್ಪೆಯನ್ನು ಕೊರೆದು ಒಳಹೊಗುವುವು. ಹೀಗೆ ನೋಡಿದರೆ ಮಳೆಯೇ ಕಾರಣವೆಂದ ಹಿರಿಯರೂ ಲಿಂಡ್ಲಿಯವರೂ ಅರ್ಧ ಸತ್ಯವನ್ನು ಕಂಡಿದ್ದರು. ಮಳೆಯು ಕಳ್ಳನು ಬರುವ ದಾರಿ. ಕೊಟ್ಟೆ ಕಟ್ಟಿದವರು ಕಳ್ಳನ ಗುರುತನ್ನರಿಯದೆಯೇ ದಾರಿಗೆ ಬೇಲಿ ಹಾಕಿದ್ದರು.

ಕಳ್ಳನೆಂದುದಕ್ಕೆ ಕಾರಣವುಂಟು, ಮದ್ದಿನ ಕಥೆಯೂ ಕಳ್ಳರಿಂದಲೇ ಮೊದಲಾಗುವುದು. ಫ್ರಾನ್ಸಿನ ಬೋರ್ಡೋ ನಗರದ ಸಮೀಪದ ದ್ರಾಕ್ಷಿತೋಟದವರು, ದಾರಿಹೋಕರು ಹಣ್ಣು ಕದಿಯದಿರಲೆಂದು, ರಸ್ತೆಯ ಅಂಚಿನ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಎರಚುತ್ತಿದ್ದರು. ನೀಲಿಯ ಬಣ್ಣವನ್ನು ನೋಡಿದವನು ವಿಷವೆಂದು ಹೆದರಬೇಕು, ಅಷ್ಟೇ. ಆ ದಿನಗಳಲ್ಲಿ ಅಮೆರಿಕದಿಂದ ಬಂದ ಒಂದು ಬೂಷ್ಟುರೋಗವು ಫ್ರಾನ್ಸಿನ ದ್ರಾಕ್ಷಿಯನ್ನು ನಾಶಮಾಡುತ್ತಿತ್ತು. ೧೮೮೨ರಲ್ಲಿ ಆ ದಾರಿಯಲ್ಲಿ ನಡೆದುಹೋಗುತ್ತಿದ್ದ ಪ್ರೊಫೆಸರ್ ಮಿಲಾರ್ಡೆಯವರು, ಒಳಗಿನ ಬಳ್ಳಿಗಳೆಲ್ಲ ಎಲೆ ಉದುರಿಸಿ ನಿಂತಿರಲು ಅಂಚಿನ ಬಳ್ಳಿಗಳು ಮಾತ್ರ ಹಸುರಾಗಿರುವುದನ್ನು ಕಂಡರು. ಪರೀಕ್ಷೆಗಳನ್ನು ನಡೆಸಿ ೧೮೮೫ರಲ್ಲಿ ಅವರು ಪ್ರಕಟಿಸಿದ ಮದ್ದೇ ಬೋರ್ಡೋ ದ್ರಾವಣ. ಕೋಲ್ಮನ್ನರು ಅದನ್ನು ನಮ್ಮ ತೋಟಕ್ಕೆ ತಂದರು. ಮಲೆನಾಡಿನ ಮಳೆಗೆ ತೊಳೆದುಹೋಗದಂತೆ ರಾಳ ಸೋಡಗಳ ಅಂಟನ್ನೂ ಸೇರಿಸಿದರು.

ಮದ್ದಿನ ಕ್ರಮವು ಸುಲಭವಾದುದು. ನೂರು ಲೀಟರು ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಕಬ್ಬಿಣದ ಪಾತ್ರೆ ಕೂಡದು. ಅಂದು ಮಾಡಿದುದನ್ನು ಅಂದೇ ಮುಗಿಸಬೇಕು. ಹೊಳೆಯುವ ಚಾಕುವಿನ ಅಲಗನ್ನು ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದರ್ಥ. ಕಾಯಿಯ ಮೇಲೆ ಒಣಗಿ ಕುಳಿತ ಈ ಲೇಪದಿಂದ ಮಳೆಹನಿಗೆ ತಾಮ್ರವು ಅಣುಮಾತ್ರ ಇಳಿಯುವುದು. ಈಜುವ ಮರಿಗಳಿಗೆ ಅಷ್ಟೇ ವಿಷ. ಆದರೆ ಒಳಹೊಕ್ಕ ರೋಗವನ್ನು ಇದು ಮುಟ್ಟಲಾರದು. ಆದುದರಿಂದಲೇ ಮೊದಲ ಸಿಂಪಣೆಯು ಮುಂಗಾರು ಹಿಡಿಯುವ ಮುಂಚೆ, ಎರಡನೆಯದು ನಲವತ್ತು ನಲವತ್ತೈದು ದಿನಗಳ ಮೇಲೆ. ಕಾಯಿ ಇನ್ನೂ ಚೆನ್ನಾಗಿರುವಾಗಲೇ ಹಣ ಖರ್ಚುಮಾಡೆಂದು ರೈತನಿಗೆ ಹೇಳುವುದು, ರೋಗ ಬಂದ ಮೇಲೆ ಔಷಧವನ್ನು ಕೊಡುವುದಕ್ಕಿಂತ ಎಷ್ಟು ಕಷ್ಟವೆಂಬುದನ್ನು ದೇವಿ ಹಾಕಿಸುತ್ತಿದ್ದ ಡಾಕ್ಟರರೂ ಬಲ್ಲವರಾಗಿದ್ದರು.

ನೂರು ವರ್ಷಗಳು ಕಳೆದ ಮೇಲೆಯೂ ಶತ್ರುವು ಸತ್ತಿಲ್ಲ. ಮಳೆ ಹೊಳವು ಕೊಡದ ವರ್ಷಗಳಲ್ಲಿ, ಎರಡನೆಯ ಸಿಂಪಣೆಗೆ ಬಿಡುವೇ ಸಿಗದೆ, ಇಂದಿಗೂ ತೋಟಗಳು ಬರಿದಾಗುವುವು. ಹಿಂದಿನ ವರ್ಷ ಕೊಳೆತು ಒಣಗಿದ ಗೊನೆಗಳನ್ನು ಮರದಲ್ಲಿಯೇ ಬಿಟ್ಟರೆ ಬೀಜವನ್ನು ತಾನೇ ಕಾಪಾಡಿದಂತೆ. ಪಾಚಿ ಹಿಡಿದು ಜಾರುವ ಮರವನ್ನೇರಿ, ಮರದಿಂದ ಮರಕ್ಕೆ ತೂಗಿ ದಾಟುತ್ತ ಮದ್ದು ಹೊಡೆದ ಕೊನೆಗಾರರಲ್ಲಿ ಬಿದ್ದು ಸತ್ತವರೂ ನಡು ಮುರಿದುಕೊಂಡವರೂ ಉಂಟು. ಗ್ರಂಥಗಳಲ್ಲಿ ಅವರ ಹೆಸರಿಲ್ಲ. ಈಗ ನೆಲದಲ್ಲಿಯೇ ನಿಂತು ಉದ್ದನೆಯ ಹಗುರ ದೋಟಿಯಿಂದ ಸಿಂಪಡಿಸುವ ಪದ್ಧತಿ ಬಂದಿರುವುದು ಅದಕ್ಕಾಗಿಯೇ ಸಂತೋಷದ ಸಂಗತಿ.

ಇನ್ನು ತಾಮ್ರದ ಮಾತು. ಅದು ಕರಗಿ ಕಾಣೆಯಾಗುವ ವಸ್ತುವಲ್ಲ. ವರ್ಷ ವರ್ಷವೂ ಮರದ ಬುಡದ ಮಣ್ಣಿನಲ್ಲಿ ಸೇರಿಕೊಳ್ಳುವುದು. ತರಗೆಲೆಯನ್ನು ಗೊಬ್ಬರವಾಗಿಸುವ ಸಾಧುವಾದ ಅಣುಜೀವಿಗಳೂ ಎರೆಹುಳುಗಳೂ ಇರುವುದು ಅದೇ ಮಣ್ಣಿನಲ್ಲಿ. ಮದ್ದು ಹುಟ್ಟಿದ ಯೂರೋಪಿನಲ್ಲಿಯೇ ೨೦೧೮ರಲ್ಲಿ ಕಾನೂನು ಮಾಡಿ, ಒಂದು ಹೆಕ್ಟೇರಿಗೆ ಏಳು ವರ್ಷಗಳಲ್ಲಿ ೨೮ ಕಿಲೊ ತಾಮ್ರವನ್ನು ಮೀರಬಾರದೆಂದು ಕಟ್ಟು ಹಾಕಿದರು. ನಮ್ಮ ತೋಟಗಳ ಮಣ್ಣಿನಲ್ಲಿ ಇದುವರೆಗೆ ಎಷ್ಟು ತಾಮ್ರ ಸೇರಿದೆಯೆಂಬುದನ್ನು, ಮದ್ದು ಹೊಡೆಯುವ ಮುಂಚೆ ಚಾಕುವನ್ನು ಅದ್ದಿ ನೋಡುವ ಅದೇ ಎಚ್ಚರಿಕೆಯಿಂದ, ತೋಟದವರು ಮಣ್ಣನ್ನು ಪರೀಕ್ಷೆಗೆ ಕೊಟ್ಟು ತಿಳಿದುಕೊಳ್ಳಬಹುದಾಗಿದೆ.