ಯಾರ ಮೇಲೆ ಆಣೆ?

ಕೆಲವು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯಲ್ಲಿ ಒಬ್ಬಳ ಕಂಪಾಸ್ ಪೆಟ್ಟಿಗೆ ಕಳೆದುಹೋಯಿತು. ‘ದೇವರಾಣೆಗೂ ನಾನು ತೆಗೆದಿಲ್ಲ’ ಎಂದು ಮಕ್ಕಳೆಲ್ಲ ಸಾಲಾಗಿ ಗಂಟಲು ಮುಟ್ಟಿಕೊಂಡರು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ನನ್ನನ್ನೇ ಕೇಳಿದಳು: ‘ಟೀಚರ್, ನೀವು ದೇವರನ್ನ ನಂಬೋದಿಲ್ಲವಂತೆ. ಹಾಗಾದರೆ ನೀವು ಯಾರ ಮೇಲೆ ಆಣೆ ಮಾಡ್ತೀರಿ?’

ತರಗತಿ ಸ್ತಬ್ಧವಾಯಿತು. ‘ಪುಸ್ತಕ ತೆಗೀರಿ’ ಎಂದು ಹೇಳಿ ತಪ್ಪಿಸಿಕೊಂಡೆ. ನಂಬಿಕೆ ಕಳಚಿ ಬಹಳ ಕಾಲವಾಗಿದ್ದರೂ ನಾಸ್ತಿಕಳೆಂದು ಬಾಯಿಬಿಟ್ಟು ಹೇಳಿಕೊಂಡವಳಲ್ಲ ನಾನು. ಅತ್ತೆಯವರಿಗೆ ಮೊಣಕಾಲು ನೋವು. ಸಂಜೆಯ ದೀಪ ಹಚ್ಚುವವಳು ನಾನೇ. ಸ್ಟಾಫ್ ರೂಮಿನಲ್ಲಿ ಯಾರೋ ಆಡಿದ ಮಾತು ಮಕ್ಕಳ ಕಿವಿಗೆ ಬಿದ್ದಿರಬೇಕು.

ಆ ಪದಕ್ಕೆ ನಾನು ಹೆದರಿದ್ದೇಕೆ? ನಮ್ಮಲ್ಲಿ ಅದು ಹೆಚ್ಚಾಗಿ ಇನ್ನೊಬ್ಬರು ಹಚ್ಚುವ ಮಸಿ. ಮನುಸ್ಮೃತಿಯ ಪ್ರಕಾರ ವೇದವನ್ನು ನಿಂದಿಸುವವನು ನಾಸ್ತಿಕ. ಹಾಗಾಗಿ ಜೈನರೂ ಬೌದ್ಧರೂ ನಾಸ್ತಿಕರೆನಿಸಿಕೊಂಡರು. ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪದ ಮೀಮಾಂಸಕರು ಮಾತ್ರ ವೇದವನ್ನು ಒಪ್ಪಿದ್ದರಿಂದ ಆಸ್ತಿಕರಾಗಿಯೇ ಉಳಿದರು! ಅತ್ತ ರೋಮ್ ಸಾಮ್ರಾಜ್ಯದಲ್ಲಿ ಊರದೇವತೆಗಳಿಗೆ ಕೈಮುಗಿಯದ ಆದಿ ಕ್ರೈಸ್ತರನ್ನೂ ಜನ ನಾಸ್ತಿಕರೆಂದೇ ಬೈದರು. ಹೀಗೆ ಬೈಗುಳವಾಗಿದ್ದ ಪದವನ್ನು ತಾನಾಗಿ ತನ್ನ ಹೆಸರಿಗೆ ಅಂಟಿಸಿಕೊಳ್ಳುವುದಕ್ಕೆ ಎದೆಗಾರಿಕೆ ಬೇಕು.

ಇಂಗ್ಲೆಂಡಿನ ಚಾರ್ಲ್ಸ್ ಬ್ರಾಡ್ಲಾ ಅಂಥವನು. 1880ರಲ್ಲಿ ನಾರ್ತಾಂಪ್ಟನ್ನಿನ ಮತದಾರರು ಅವನನ್ನು ಪಾರ್ಲಿಮೆಂಟಿಗೆ ಆರಿಸಿದರು. ದೇವರ ಹೆಸರಿನ ಪ್ರಮಾಣದ ಬದಲು ಬರಿಯ ಮಾತು ಕೊಡುತ್ತೇನೆ ಎಂದು ಅವನು ಕೇಳಿದ. ಸಭೆ ಒಪ್ಪಲಿಲ್ಲ. ಹಾಗಿದ್ದರೆ ಪ್ರಮಾಣವನ್ನೇ ಮಾಡುತ್ತೇನೆ ಎಂದ. ಅದಕ್ಕೂ ಬಿಡಲಿಲ್ಲ, ದೇವರಿಗೆ ಹೆದರದವನ ಆಣೆಗೆ ಏನು ಬೆಲೆ ಎಂಬುದು ಅವರ ವಾದ. ನನ್ನ ವಿದ್ಯಾರ್ಥಿನಿಯ ಪ್ರಶ್ನೆಯೂ ಇದೇ ಅಲ್ಲವೇ? ಅವನನ್ನು ಒಂದು ರಾತ್ರಿ ಪಾರ್ಲಿಮೆಂಟಿನ ಗಡಿಯಾರದ ಗೋಪುರದಲ್ಲಿ ಕೂಡಿಹಾಕಿದ್ದೂ ಉಂಟು. ಸ್ಥಾನ ತೆರವಾದಾಗಲೆಲ್ಲ ನಾರ್ತಾಂಪ್ಟನ್ನಿನವರು ಅವನನ್ನೇ ಮತ್ತೆ ಆರಿಸಿ ಕಳಿಸಿದರು. ಕೊನೆಗೆ 1886ರಲ್ಲಿ ಅವನು ಒಳಗೆ ಕುಳಿತದ್ದು ಆ ಪ್ರಮಾಣವನ್ನೇ ಮಾಡಿ. ಆದರೆ ಸುಮ್ಮನಾಗಲಿಲ್ಲ. ದೇವರ ಹೆಸರಿಲ್ಲದೆಯೂ ಮಾತು ಕೊಡಬಹುದೆಂಬ ಕಾನೂನನ್ನು 1888ರಲ್ಲಿ ಮಾಡಿಸಿದ. ಮರುವರ್ಷ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದ. 1891ರ ಜನವರಿ 30ರಂದು ತೀರಿಕೊಂಡಾಗ, ಲಂಡನ್ನಿನಲ್ಲಿ ಓದುತ್ತಿದ್ದ ತರುಣ ಗಾಂಧಿಯೂ ಅವನ ಅಂತ್ಯಕ್ರಿಯೆಗೆ ಹೋಗಿದ್ದರು.

ರಾಮನಾಮ ಬಿಡದ ಅದೇ ಗಾಂಧಿಯವರಿಗೆ ಮುಂದೆ ಆಂಧ್ರದ ನಾಸ್ತಿಕರೊಬ್ಬರು ಆಪ್ತರಾದರು. ಅವರು ಗೋಪರಾಜು ರಾಮಚಂದ್ರರಾವ್; ಜನ ಕರೆಯುವುದು ಗೋರಾ ಎಂದು. ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ತಮ್ಮ ವಿಚಾರಗಳಿಗಾಗಿ 1933ರಲ್ಲಿ ಕೆಲಸ ಕಳೆದುಕೊಂಡಿದ್ದರು. ನನಗೆ ಇನ್ನೂ ಹೆಚ್ಚು ಆಶ್ಚರ್ಯವೆನಿಸುವುದು ಅವರ ಪತ್ನಿ ಸರಸ್ವತಿ. ಬಸುರಿ ಹೆಂಗಸು ಗ್ರಹಣದ ಹೊತ್ತಿನಲ್ಲಿ ಹೊಸಿಲು ದಾಟಬಾರದೆಂಬ ಕಾಲದಲ್ಲಿ ಅವರು ಬಸುರಿಯಾಗಿದ್ದಾಗಲೇ ಹೊರಬಂದು ಗ್ರಹಣ ನೋಡಿದರು. 1940ರಲ್ಲಿ ದಂಪತಿ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರ ತೆರೆದರು. ಅವರ ಮುಖ್ಯ ಕೆಲಸ ದೇವರನ್ನು ಬೈಯುವುದಾಗಿರಲಿಲ್ಲ. ಜಾತಿಯ ಕಟ್ಟನ್ನು ಮುರಿದು ಎಲ್ಲರ ಜೊತೆ ಕುಳಿತು ಉಣ್ಣುವುದಾಗಿತ್ತು. ತಮ್ಮ ಹಿರಿಯ ಮಗಳನ್ನು ಅಸ್ಪೃಶ್ಯರೆನಿಸಿದ ಸಮುದಾಯದ ತರುಣನಿಗೆ ಕೊಡಲು ನಿಶ್ಚಯಿಸಿದರು. ಸೇವಾಗ್ರಾಮದಲ್ಲಿ ಆ ಮದುವೆ ಮಾಡಿಸಲು ಗಾಂಧಿ ಒಪ್ಪಿದ್ದರು. ದೇವರ ಹೆಸರಿನ ಬದಲು ಸತ್ಯದ ಹೆಸರಿನಲ್ಲಿ. ಅಷ್ಟರಲ್ಲಿ 1948ರ ಜನವರಿ 30 ಬಂತು. ಬ್ರಾಡ್ಲಾ ತೀರಿಕೊಂಡ ದಿನವೇ ಇದು; ಆದರೆ ಅದರಲ್ಲಿ ಅರ್ಥ ಹುಡುಕುವುದು ನನ್ನಂಥವಳಿಗೆ ತರವಲ್ಲ. ಮದುವೆ ನಿಲ್ಲಲಿಲ್ಲ, ಮಾರ್ಚಿಯಲ್ಲಿ ಸೇವಾಗ್ರಾಮದಲ್ಲೇ ನಡೆಯಿತು.

ಎರಡು ವರ್ಷಗಳ ನಂತರ ಜಾರಿಗೆ ಬಂದ ನಮ್ಮ ಸಂವಿಧಾನದಲ್ಲೂ ಎರಡು ದಾರಿಗಳಿವೆ. ಮಂತ್ರಿಯಾಗುವವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ಮಾತು ಕೊಡಬಹುದು. ಎರಡಕ್ಕೂ ಒಂದೇ ತೂಕ.

ಇವರೆಲ್ಲರನ್ನೂ ನೆನೆದಾಗ ನನಗೆ ತೋಚಿದ್ದು ಇಷ್ಟು. ನಾಸ್ತಿಕಳೆಂದರೆ ‘ಇಲ್ಲ’ ಎಂದು ಹೇಳಿ ಕೈತೊಳೆದುಕೊಳ್ಳುವವಳಲ್ಲ. ತಪ್ಪಿದರೆ ಮೇಲಿನವನು ನೋಡಿಕೊಳ್ಳುತ್ತಾನೆ ಎನ್ನುವ ಅನುಕೂಲ ಅವಳಿಗಿಲ್ಲ. ಆಡಿದ ಮಾತಿನ ಭಾರವನ್ನು ತಾನೇ ಹೊರಬೇಕು.

ಮರುದಿನ ತರಗತಿಗೆ ಹೋದಾಗ ಕಂಪಾಸ್ ಪೆಟ್ಟಿಗೆ ಸಿಕ್ಕಿತ್ತು. ಅದರ ಒಡತಿಯ ಮನೆಯಲ್ಲೇ ಇತ್ತಂತೆ. ನನ್ನ ಬಾಕಿ ಮಾತ್ರ ಉಳಿದಿತ್ತು. ‘ನಿನ್ನೆ ಕೇಳಿದ್ದಕ್ಕೆ ಉತ್ತರ ಹೇಳ್ತೀನಿ. ಹೌದು, ನಾನು ದೇವರನ್ನ ನಂಬೋದಿಲ್ಲ. ಯಾರ ಮೇಲೂ ಆಣೆ ಮಾಡೋದಿಲ್ಲ. ನಾನು ಹೇಳಿದ್ದು ಸುಳ್ಳಾದರೆ ನೀವೆಲ್ಲ ನನ್ನನ್ನ ನಿಲ್ಲಿಸಿ ಕೇಳಬಹುದು’ ಎಂದೆ.

ಆ ಹುಡುಗಿ ಎದ್ದು ನಿಂತಳು. ‘ಹಾಗಾದರೆ ನಿನ್ನೆ ಯಾಕೆ ಹೇಳಲಿಲ್ಲ, ಟೀಚರ್?’

‘ಹೆದರಿಕೆಯಾಯಿತು ಕಣಮ್ಮ’ ಎಂದೆ. ಅದು ನಿಜವಾಗಿತ್ತು.